ಬಾಕಿ 9050

ಕಾಂಪೌಂಡ್ ಗೋಡೆ ಮೇಲೆ ಕಾಫಿ ಲೋಟ ಇಟ್ಟು ಪಕ್ಕದ ಮನೆ ಹುಡುಗನನ್ನು ಕೂಗಿದೆ. ಅವನು ಸಾಫ್ಟ್‌ವೇರಿನವನು, ನಾನು ರಿಟೈರಾದ ಲೆಕ್ಕದ ಮೇಷ್ಟ್ರು. ಈ ವಯಸ್ಸಿನಲ್ಲಿ ನನಗೆ ಪೈಥಾನ್ ಹುಚ್ಚು ಹಿಡಿಸಿದವನು ಅವನೇ. ಹಾಗಾಗಿ ಬೈಯುವ ಹಕ್ಕು ನನ್ನದು.

"ನೋಡಪ್ಪಾ, ಹಾಲಿನವನಿಗೆ 1250 ರೂಪಾಯಿ ಬಾಕಿ ಇತ್ತು. ನಿನ್ನೆ 1160 ಕೊಟ್ಟೆ. ಉಳಿದದ್ದು 90. ಫೈಲು ನೋಡಿದರೆ 9050 ಅಂತಿದೆ! ದುಡ್ಡು ಕೊಟ್ಟ ಹಾಗೆಲ್ಲ ಸಾಲ ಬೆಳೆಯೋದು ಯಾವ ಲೆಕ್ಕನೋ?"

"ಯಾವ ಮೋಡಲ್ಲಿ ಓಪನ್ ಮಾಡಿದ್ರಿ ಮೇಷ್ಟ್ರೇ?"

"ಆರ್ ಪ್ಲಸ್. ಓದೋಕೂ ಆಗುತ್ತೆ, ಬರೆಯೋಕೂ ಆಗುತ್ತೆ ಅಂದಿದ್ದೆಯಲ್ಲ. ಮೊದಲ ಸಲ ಓದಿ ಬರೆದೆ, ಹಳೇದರ ಬಾಲಕ್ಕೆ ಹೊಸದು ಅಂಟಿಕೊಂಡಿತು. ಓದಿ ನಿಲ್ಲಿಸಿದ ಕಡೆಯಲ್ಲೇ ಬರೆಯೋಕೆ ಶುರುವಾಗುತ್ತೆ ಅಂತ ಆಮೇಲೆ ಹೊಳೀತು. ಅಳಿಸಿ ಸರಿಮಾಡಿ, ಸೀಕ್ ಸೊನ್ನೆ ಅಂತ ಹಾಕಿ ಮೊದಲಿಗೆ ಬಂದು ಬರೆದೆ."

"ಬರೆದ್ರಿ ಸರಿ, ಹಳೇದನ್ನ ಒರೆಸಿದ್ರಾ?"

ಮೂವತ್ತು ವರ್ಷ ಬೋರ್ಡು ಒರೆಸಿದವನಿಗೆ ಕೇಳುವ ಪ್ರಶ್ನೆಯೇ ಇದು! 'ಬಾಕಿ 1250' ಇದ್ದ ಕಡೆ 'ಬಾಕಿ 90' ಬರೆದಿದ್ದೇನೆ. ಹನ್ನೆರಡರ ಮೇಲೆ ತೊಂಬತ್ತು ಕೂತಿದೆ, ಪಕ್ಕದ ಐವತ್ತು ಅಲ್ಲೇ ಉಳಿದಿದೆ. ಡಸ್ಟರ್ ಮುಟ್ಟದ ಹುಡುಗರಿಗೆ ಎಷ್ಟು ಕಿವಿ ಹಿಂಡಿದ್ದೆನೋ.

"ಬರೆದಾದ ಮೇಲೆ ಟ್ರಂಕೇಟ್ ಅಂತ ಒಂದು ಸಾಲು ಹಾಕಿ. ಅಲ್ಲಿಂದ ಮುಂದಿನದೆಲ್ಲ ಕತ್ತರಿಸಿ ಹೋಗುತ್ತೆ. ನೀವು ಕನ್ನಡದಲ್ಲೇ ಬರೆದದ್ದು ಪುಣ್ಯ. ಯುಟಿಎಫ್-8ರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು. ನಮ್ಮ ಬ, ಇಳಿ, ಕ, ಗುಡಿಸು ಒಂದೊಂದಕ್ಕೂ ಮೂರು ಮೂರು. ಬಾಕಿ ಅಂದ್ರೆ 12 ಬೈಟು. ಅದರ ಮೇಲೆ ಇಂಗ್ಲಿಷಲ್ಲಿ ಬರೆದಿದ್ರೆ ಕಕಾರದ ತಲೆ ಹೋಗಿ ಮುಂಡ ಉಳೀತಿತ್ತು, ಪೈಥಾನು ಓದಲ್ಲ ಅಂತ ಹಟ ಹಿಡೀತಿತ್ತು."

"ಇಷ್ಟೆಲ್ಲ ಯಾಕೆ? ಡಬ್ಲ್ಯೂ ಮೋಡಲ್ಲಿ ತೆರೆದರಾಯ್ತಲ್ಲ?"

"ಅದು ತೆರೆದ ಕ್ಷಣವೇ ಫೈಲು ಖಾಲಿ ಮೇಷ್ಟ್ರೇ. ಬರೆಯೋ ಮೊದಲು ಕರೆಂಟು ಹೋದ್ರೆ ಹಳೇದೂ ಇಲ್ಲ, ಹೊಸದೂ ಇಲ್ಲ." ಆಮೇಲೆ ದನಿ ತಗ್ಗಿಸಿದ. ಆಫೀಸಲ್ಲಿ ಒಮ್ಮೆ ಲಿನಕ್ಸ್‌ನಲ್ಲಿ ಒಂದು ಪಟ್ಟಿಯನ್ನು ಸಾರ್ಟ್ ಮಾಡಿ, ಬಾಣದ ಗುರುತು ಹಾಕಿ, ಅದೇ ಫೈಲಿಗೆ ಕಳಿಸಿದನಂತೆ. ಸಾರ್ಟ್ ಶುರುವಾಗುವ ಮೊದಲೇ ಶೆಲ್ ಆ ಫೈಲನ್ನು ಬರಿದು ಮಾಡಿತ್ತು. ಖಾಲಿ ಪಟ್ಟಿಯನ್ನು ಅದು ಬಹಳ ಅಚ್ಚುಕಟ್ಟಾಗಿ ಜೋಡಿಸಿಕೊಟ್ಟಿತಂತೆ! ನನಗೆ ಕಾಫಿ ನೆತ್ತಿಗೇರಿತು.

"ಈಗೇನು ಮಾಡ್ತೀಯಾ?"

"ಬೇರೆ ಫೈಲಲ್ಲಿ ಪೂರ್ತಿ ಬರೆದು, ಮುಚ್ಚಿ, ಆಮೇಲೆ ಓಎಸ್ ರಿಪ್ಲೇಸ್ ಅಂತ ಹಳೇದರ ಜಾಗಕ್ಕೆ ತಂದು ಕೂರಿಸ್ತೀನಿ."

ನಾನು ಟ್ರಂಕೇಟೇ ಹಾಕಿದೆ. 90 ಬಂತು. ಅಷ್ಟರಲ್ಲಿ ಗೇಟಿನ ಹತ್ತಿರ ಹಾಲಿನವನ ಬೆಲ್ಲು. ಒಳಗಿಂದ ನಮ್ಮವಳ ದನಿ: "ಇವತ್ತು ಅರ್ಧ ಲೀಟರ್ ಜಾಸ್ತಿ ತಗೊಳ್ಳಿ, ಲೆಕ್ಕಕ್ಕೆ ಬರ್ಕೊಳ್ಳಿ!"