ಕೊನೇ ಪಂಕ್ತಿಯ ಯಜಮಾನ

ಭೋಜಪುರಿ ವ್ಯಾಕರಣ ಹೇಳುವವರು ಗಂಟಲು ಸರಿಮಾಡಿಕೊಂಡು ಮೊದಲಿಗೇ ಸಾರುವುದು ಇಷ್ಟು: ಕರ್ತೃ, ಕರ್ಮ, ಆಮೇಲೆ ಕ್ರಿಯೆ. ‘ಹಮ್ ಭಾತ್ ಖಾತ್ ಬಾನೀ’, ಅಂದರೆ ನಾನು ಅನ್ನ ಉಣ್ಣುತ್ತಿದ್ದೇನೆ. ಇದಕ್ಕೆ ಕನ್ನಡದವರು ಹುಬ್ಬೇರಿಸಬೇಕೇ? ನಮ್ಮಲ್ಲೂ ಕ್ರಿಯಾಪದ ಮದುವೆಮನೆ ಯಜಮಾನನ ಹಾಗೆ ಕೊನೇ ಪಂಕ್ತಿಗೇ ಕೂರುವುದು.

ಪುಸ್ತಕ ಮಡಚಿಟ್ಟು ಭೋಜಪುರಿ ಆಡುವ ಛಪ್ರಾದ ಸಂತೆಗೋ ಬಲಿಯಾ ಪಟ್ಟಣದ ಬಸ್ ನಿಲ್ದಾಣಕ್ಕೋ ಹೋಗಿ, ಆಗ ಗೊತ್ತಾಗುತ್ತದೆ. ‘ಕಹಾಂ ಜಾತ್ ಬಾನೀ ರಉಆ?’ ಎಲ್ಲಿಗೆ ಹೊರಟ್ರಿ ತಾವು? ಯಜಮಾನ ಎಲೆ ಮಡಚಿ ಎದ್ದ ಮೇಲೆ ‘ರಉಆ’ ಎಂಬ ನೆಂಟ ಬಂದು ಕೂತಿದ್ದಾನೆ! ನಗಬೇಡಿ, ‘ಊಟ ಆಯ್ತಾ ನಿಮ್ದು?’ ಎನ್ನುವ ನಾವೇನು ಬಹಳ ಶಿಸ್ತಿನವರಲ್ಲ.

ನೆಂಟನಿಗೆ ಈ ಸಲಿಗೆ ಕೊಟ್ಟಿದ್ದೂ ಯಜಮಾನನೇ. ‘ತೂ’ (ನೀನು) ಎಂದರೆ ‘ಬಾಡ’, ‘ಊ’ (ಅವನು) ಎಂದರೆ ‘ಬಾ’. ಯಾರು, ಎಷ್ಟು ಮರ್ಯಾದೆಯವರು ಎಂಬುದು ಕ್ರಿಯಾಪದದ ಬಾಲದಲ್ಲೇ ಇದೆ. ಹಾಗಾಗಿ ಕರ್ತೃ ಮುಂದೆ ಬಂದರೂ ಸರಿ, ಹಿಂದೆ ಬಂದರೂ ಸರಿ, ಮನೆಯಲ್ಲೇ ಉಳಿದರೂ ಸರಿ. ಹಿಂದಿಯವರ ಪಾಡು ನೋಡಿ: ‘ಮೈಂನೇ ರೋಟೀ ಖಾಯೀ’. ತಿಂದವನನ್ನು ಬಿಟ್ಟು ಕ್ರಿಯಾಪದ ರೊಟ್ಟಿಯ ಬೆನ್ನು ಹತ್ತಿದೆ. ಭೋಜಪುರಿಗೆ ಆ ‘ನೇ’ ಬೇಡ. ‘ಹಮ್ ರೋಟೀ ಖಇನೀ’: ತಿಂದವನಿಗೇ ನಿಷ್ಠೆ, ರೊಟ್ಟಿಯ ಲಿಂಗ ಕಟ್ಟಿಕೊಂಡು ಅದಕ್ಕೇನಾಗಬೇಕು?

ಆದರೆ ಯಜಮಾನನಲ್ಲೂ ಒಂದು ತುಂಟತನವಿದೆ. ‘ನಾನು’ ಎಂಬುದಕ್ಕೂ ‘ಬಾನೀ’, ‘ತಾವು’ ಎಂಬುದಕ್ಕೂ ‘ಬಾನೀ’. ‘ಕಇಸನ್ ಬಾನೀ?’ ‘ಠೀಕ್ ಬಾನೀ.’ ಹೇಗಿದ್ದೀರಿ, ಚೆನ್ನಾಗಿದ್ದೇನೆ. ಇಬ್ಬರಲ್ಲಿ ಒಬ್ಬರೂ ಕರ್ತೃವನ್ನು ಹೊರಗೆ ಕರೆಯಲಿಲ್ಲ, ಯಾರೂ ತಬ್ಬಿಬ್ಬಾಗಲಿಲ್ಲ. ಪ್ರಶ್ನೆ ಎದುರಿನವರದು, ಉತ್ತರ ತನ್ನದು. ಅಷ್ಟು ಬುದ್ಧಿ ಆಡುವವರಿಗೆ ಇದ್ದೇ ಇದೆ.

ಭಾರತದ ಭಾಷೆಗಳ ಸಮೀಕ್ಷೆ ನಡೆಸಿದ ಗ್ರಿಯರ್‌ಸನ್ ಸಾಹೇಬರು 1903ರಲ್ಲಿ ಆ ಸಮೀಕ್ಷೆಯ ಐದನೇ ಸಂಪುಟದ ಎರಡನೇ ಭಾಗದಲ್ಲಿ ಭೋಜಪುರಿಯನ್ನು ಸೇರಿಸಿದರು. ಭಾಷೆ ಯಾವುದಾದರೂ ಅವರಿಗೆ ಮೊದಲ ಮಾದರಿಗೆ ಬೇಕಿದ್ದದ್ದು ಬೈಬಲ್ಲಿನ ಅದೇ ಮನೆಬಿಟ್ಟು ಹೋದ ಮಗನ ಕಥೆ. ಅನುವಾದದ ಕಥೆಯಲ್ಲಿ ಎಲ್ಲ ಪದಗಳೂ ತಲೆ ಬಾಚಿಕೊಂಡು ನಿಲ್ಲುತ್ತವೆ, ಪಾಪ. ತರಕಾರಿ ಚೌಕಾಸಿಯನ್ನು ಬರೆಸಿಕೊಂಡಿದ್ದರೆ ಸಂಪುಟಕ್ಕೆ ಇನ್ನಷ್ಟು ರುಚಿ ಬರುತ್ತಿತ್ತೆಂದು ನನ್ನ ತಕರಾರು.

ಹಾಗಂತ ಆಡುಮಾತಿನಲ್ಲೂ ಎಲ್ಲ ಪದಗಳೂ ಅಲೆಮಾರಿಗಳಲ್ಲ. ‘ಘರ್ ಮೇಂ’ ಎಂಬುದರ ‘ಮೇಂ’ ಮನೆಗಿಂತ ಮುಂದೆ ಬರುವಂತಿಲ್ಲ. ‘ದೂ ಗೋ ಆಮ್’, ಎರಡು ಮಾವಿನಹಣ್ಣು. ಆ ‘ಗೋ’ ಎಣಿಕೆಯ ಸೆರಗು ಬಿಡುವುದಿಲ್ಲ. ಷಷ್ಠಿ ವಿಭಕ್ತಿ ಮಾತ್ರ ಅಷ್ಟು ನಂಬಿಗಸ್ತನಲ್ಲ, ಸಮಯ ಸಿಕ್ಕರೆ ತನ್ನ ನಾಮಪದವನ್ನೇ ಬಿಟ್ಟು ಹೊರಡುತ್ತದೆ.

ಬೆಂಗಳೂರಿಗೆ ಕಟ್ಟಡದ ಕೆಲಸಕ್ಕೆ ಬಂದ, ಭೋಜಪುರಿ ಆಡುವ ಸಿವಾನಿನವರು ಯಾರಾದರೂ ಸಿಕ್ಕರೆ, ಹರಕುಮುರುಕು ಹಿಂದಿ ಬಿಟ್ಟು ‘ಕಾ ಹಾಲ್ ಬಾ ರಾಉರ್?’ ಎಂದು ಕೇಳಿ. ಆ ‘ರಾಉರ್’ (ತಮ್ಮ) ಕೊನೆಗೇ ಇರಲಿ, ವ್ಯಾಕರಣದ ಮಾತು ಕೇಳಿ ಅದನ್ನು ಮುಂದಕ್ಕೆ ತರಬೇಡಿ.