ಪಂಚತಾಲ್ಲೂಕು ಢಿಶುಂ ಮೀಮಾಂಸೆ

ಪೀಠಿಕಾ ಪ್ರಕರಣ

ಚಿತ್ರ ನಿರ್ವಿಘ್ನವಾಗಿ ಮುಗಿಯಲೆಂದು ಮೊದಲು ಕರೆಂಟಿಗೂ ಆಮೇಲೆ ಮುಂದಿನ ಸಾಲಿನವರ ರುಮಾಲಿಗೂ ವಂದಿಸಿ ಈ ಶಾಸ್ತ್ರವನ್ನು ಆರಂಭಿಸಲಾಗಿದೆ.

ಶಾಸ್ತ್ರವೆಂದ ಮೇಲೆ ಅನುಬಂಧಗಳು ನಾಲ್ಕಿರಬೇಕು. ವಿಷಯ: ಹೊಡೆದಾಟದ ಹಾಗೂ ಯುದ್ಧದ ಚಿತ್ರಗಳಲ್ಲಿ ಬರುವ ಪಾತ್ರಗಳನ್ನು ನಂಬಬೇಕೋ ಬೇಡವೋ ಎಂಬುದು. ಅಧಿಕಾರಿ: ಟೂರಿಂಗ್ ಟಾಕೀಸಿನಲ್ಲಿ ನೆಲದ ಟಿಕೆಟ್ಟು ತೆಗೆದು, ಮರಳು ಗುಡ್ಡೆ ಮಾಡಿ, ಅದರ ಮೇಲೆ ಕೂತು, ಹಿಂದಿನವರಿಂದ ಬೈಸಿಕೊಂಡವನು. ಬಾಲ್ಕನಿಯವರಿಗೆ ಇಲ್ಲಿ ಅಧಿಕಾರವಿಲ್ಲ. ಸಂಬಂಧ: ತೆರೆಯ ಮೇಲೆ ನಾಯಕನಿಗೆ ಬೀಳುವ ಏಟಿಗೂ ಕೆಳಗೆ ಪ್ರೇಕ್ಷಕನ ಭುಜ ಅದುರುವುದಕ್ಕೂ ಇರುವ ನೆಂಟಸ್ತನ. ಪ್ರಯೋಜನ: ಏನೂ ಇಲ್ಲ. ಆದಕಾರಣ ಇದು ಶುದ್ಧ ಶಾಸ್ತ್ರ.

ಕ್ಷೇತ್ರವೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು. ಈ ನೆಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಗಿಸುವುದನ್ನೇ ಕಸುಬು ಮಾಡಿಕೊಂಡ ಬೀಚಿ 1913ರಲ್ಲಿ ಹುಟ್ಟಿದ್ದು ಹರಪನಹಳ್ಳಿಯಲ್ಲಿ. ಕತೆಯನ್ನು ಅಂಗೈಯಗಲದಲ್ಲಿ ಹೇಳಿ ಗೊತ್ತಿಲ್ಲದ ಕುಂ. ವೀರಭದ್ರಪ್ಪ ಕೊಟ್ಟೂರಿನವರು. ಎಂ.ಪಿ. ಪ್ರಕಾಶರು ಬೆಳೆಸಿದ ನಾಟಕ ಸಂಸ್ಥೆ ರಂಗಭಾರತಿ ಹಡಗಲಿಯದು. ನಗು, ಉತ್ಪ್ರೇಕ್ಷೆ, ರಂಗ ಈ ಮೂರೂ ಒಂದೇ ಬಸ್ಸಿನ ದಾರಿಯಲ್ಲಿ ಸಿಗುವ ಕಡೆ ಢಿಶುಂ ಮೀಮಾಂಸೆ ಹುಟ್ಟದಿದ್ದರೆ ಆಶ್ಚರ್ಯಪಡಬೇಕಿತ್ತು.

ಪ್ರಮಾಣ ಪ್ರಕರಣ

ಇಲ್ಲಿನ ಪ್ರೇಕ್ಷಕರು ಒಪ್ಪುವ ಪ್ರಮಾಣಗಳು ನಾಲ್ಕು. ಪ್ರತ್ಯಕ್ಷವೆಂದರೆ ಮುಂದಿನವನ ತಲೆ ಮರೆಮಾಡದೆ ಬಿಟ್ಟಷ್ಟು ತೆರೆ. ಅನುಮಾನವನ್ನು ತಾರ್ಕಿಕರು ಹೊಗೆಯಿಂದ ಬೆಂಕಿಗೆ ಹೋಗುವ ದಾರಿ ಎಂದರು. ಇಲ್ಲಿ ಹೊಗೆಯಿದ್ದಲ್ಲಿ ನಾಯಕನಿರುತ್ತಾನೆ, ಅದೂ ನಿಧಾನವಾಗಿ ನಡೆದು ಬರುತ್ತಿರುತ್ತಾನೆ. ಉಪಮಾನಕ್ಕೆ ಉದಾಹರಣೆ: "ನಮ್ಮ ಸ್ವಾದರಮಾವನೂ ಹಿಂಗ ಹೊಡೀತಿದ್ದ, ಆದ್ರ ಆಮ್ಯಾಲ ಒಂದು ವಾರ ಕೈ ಎತ್ತಾಕ ಬರ್ತಿರ್ಲಿಲ್ಲ." ನಾಲ್ಕನೆಯದು ಆಪ್ತವಾಕ್ಯ. ಹೊಸಪೇಟೆಯಲ್ಲಿ ಮೊದಲೇ ಸಿನಿಮಾ ನೋಡಿ ಬಂದು, ಯಾರು ಸಾಯುತ್ತಾರೆಂದು ಐದು ನಿಮಿಷ ಮುಂಚೆ ಹೇಳುವವನೇ ಆಪ್ತ. ಅವನನ್ನು ಎಲ್ಲರೂ ಬೈಯುತ್ತಾರೆ, ಯಾರೂ ಎಬ್ಬಿಸಿ ಕಳಿಸುವುದಿಲ್ಲ.

ಸೂತ್ರ ಪ್ರಕರಣ

ಸೂತ್ರ 1: ಗೊತ್ತಿಲ್ಲದ್ದಕ್ಕೆ ಮಾಫಿ, ಗೊತ್ತಿದ್ದದ್ದಕ್ಕೆ ದಂಡ.

ಭಾಷ್ಯ: ಎ.ಕೆ. 47 ಬಂದೂಕಿನ ಮಾಮೂಲಿ ಮ್ಯಾಗಜೀನಿನಲ್ಲಿ ಹಿಡಿಯುವುದು 30 ಗುಂಡು. ನಿಮಿಷಕ್ಕೆ ಸುಮಾರು 600ರ ವೇಗದಲ್ಲಿ ಬಿಟ್ಟರೆ ಮೂರು ಸೆಕೆಂಡಿಗೆ ಅದು ಬರಿದು. ನಾಯಕ ಅದೇ ಬಂದೂಕಿನಿಂದ ಒಂದಿಡೀ ಹಾಡಿನಷ್ಟು ಹೊತ್ತು ಗುಂಡು ಹಾರಿಸಿದರೂ ಐದೂ ತಾಲ್ಲೂಕುಗಳಲ್ಲಿ ಒಬ್ಬರೂ ಕೆಮ್ಮುವುದಿಲ್ಲ. ಆದರೆ ಮಳೆ ನಿಂತ ಮೇಲೆ ಎರೆಹೊಲದಲ್ಲಿ ಓಡಿ ಬಂದ ನಾಯಕನ ಬಿಳಿ ಬೂಟು ಬಿಳಿಯಾಗಿಯೇ ಉಳಿದರೆ ಗದ್ದಲವೇಳುತ್ತದೆ. "ಎರಿಯಾಗ ಕಾಲಿಟ್ರ ಚಪ್ಲಿ ಅಲ್ಲೇ ಉಳೀತೈತಲೇ, ಇವನೇನು ಹೆಲಿಕಾಪ್ಟರ್‌ನಾಗ ಬಂದಾನ?" ಬಂದೂಕು ಕಂಡವರು ಕಡಿಮೆ, ಎರೆಮಣ್ಣು ತುಳಿಯದವರಿಲ್ಲ.

ಇದೇ ಸೂತ್ರಕ್ಕೆ ಸೇರಿದ್ದು 'ಕೆಜಿಎಫ್: ಚಾಪ್ಟರ್ 2' (2022) ಚಿತ್ರದ ದೊಡ್ಡಮ್ಮ ಪ್ರಕರಣ. ನಾಯಕ ರಾಕಿ 'ದೊಡ್ಡಮ್ಮ' ಎಂಬ ದೊಡ್ಡ ಮಷಿನ್ ಗನ್ನಿನಿಂದ ಪೊಲೀಸ್ ಠಾಣೆಯ ಮುಂದಿನ ಜೀಪುಗಳನ್ನು ಚಿಂದಿ ಮಾಡಿ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ತಾಗಿಸಿ ಹಚ್ಚುತ್ತಾನೆ. ಇಡೀ ದೃಶ್ಯದಲ್ಲಿ ಹಿರಿಯರು ಪೂರ್ತಿ ಒಪ್ಪಿದ್ದು ಈ ಸಿಗರೇಟನ್ನೇ. ಒಲೆಯ ಕೆಂಡದಲ್ಲಿ ಬೀಡಿ ಹಚ್ಚಿಕೊಂಡವರಿಗೆ ಕಾದದ್ದನ್ನು ಸುಮ್ಮನೆ ಆರಗೊಡುವುದೇ ಅವಾಸ್ತವ.

ಸೂತ್ರ 2: ಲೆಕ್ಕ ಇಟ್ಟವನೇ ದೊಡ್ಡ ಖಳ.

ಭಾಷ್ಯ: ರಾಮನಗರದ ಬಂಡೆಗಳ ನಡುವೆ ಚಿತ್ರಿಸಿದ 'ಶೋಲೆ' (1975) ಈ ಸೂತ್ರಕ್ಕೆ ಮೂಲ. ಪಿಸ್ತೂಲಿನಲ್ಲಿ ಗುಂಡು ಎಷ್ಟು, ಎದುರಿಗೆ ನಿಂತವರು ಎಷ್ಟು ಜನ ಎಂದು ತಾಳೆ ಹಾಕಿ, ಹೆಚ್ಚಾದ ಗುಂಡನ್ನು ಆಕಾಶಕ್ಕೆ ಜಮಾ ಮಾಡಿದವನು ಗಬ್ಬರ್ ಒಬ್ಬನೇ. ಕೊಟ್ಟೂರಿನ ಅಡತಿ ಅಂಗಡಿಗಳಲ್ಲಿ ಶೇಂಗಾ ತೂಕ ಹಾಕಿಸಿ, ಕಮಿಷನ್ನು, ಹಮಾಲಿ ಕಳೆದು ಕೈಗೆ ಬಂದ ಚೀಟಿಯನ್ನು ಎರಡು ಸಲ ಓದುವ ರೈತನಿಗೆ ಅವನ ಮೇಲೆ ಹುಟ್ಟಿದ್ದು ಭಯಕ್ಕಿಂತ ಹೆಚ್ಚಾಗಿ ಗೌರವ. ಆಮೇಲೆ ಬಂದ ಖಳರು ಗುಂಡಿನ ಲೆಕ್ಕ ಬಿಟ್ಟರು, ಆಳುಗಳ ಲೆಕ್ಕವನ್ನೂ ಬಿಟ್ಟರು. ಒಬ್ಬೊಬ್ಬರಾಗಿ ಬಂದು ಹೊಡೆಸಿಕೊಳ್ಳುವ ನೂರು ಜನರಿಗೆ ದಿನಗೂಲಿ ಯಾರು ಕೊಡುತ್ತಾರೆ ಎಂಬ ಪ್ರಶ್ನೆಗೆ ಯಾವ ನಿರ್ದೇಶಕನೂ ಉತ್ತರಿಸಿಲ್ಲ.

ಸೂತ್ರ 3: ಎತ್ತರಕ್ಕೆ ಮೈಲಾರ, ಭಾರಕ್ಕೆ ಕೊಟ್ಟೂರು, ಸದ್ದಿಗೆ ಅಂಕಸಮುದ್ರ.

ಭಾಷ್ಯ: ಹತ್ತು ಮೀಟರ್ ಮೇಲಿಂದ ಬಿದ್ದವನು ನೆಲ ಮುಟ್ಟಲು ಸುಮಾರು ಒಂದೂವರೆ ಸೆಕೆಂಡು ಸಾಕು, ಮುಟ್ಟುವಾಗಿನ ವೇಗ ಗಂಟೆಗೆ 50 ಕಿಲೋಮೀಟರ್. ನಾಯಕ ಅಷ್ಟರಲ್ಲೇ ಎರಡು ಸಾಲು ಡೈಲಾಗು ಹೇಳಿ, ಒಂದು ಮೊಣಕಾಲೂರಿ ಇಳಿಯುತ್ತಾನೆ. ಹಡಗಲಿ ತಾಲ್ಲೂಕಿನವರ ಮುಂದೆ ಇದು ನಡೆಯುವುದಿಲ್ಲ. ಅವರು ಮೈಲಾರದ ಡೆಂಕನ ಮರಡಿಯಲ್ಲಿ ವರ್ಷವರ್ಷವೂ ಕಾರ್ಣಿಕ ನೋಡಿದವರು. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ, "ಸದ್ದಲೇ" ಎಂದು ಲಕ್ಷಾಂತರ ಜನರ ಬಾಯಿ ಕಟ್ಟಿಸಿ, ಒಂದೇ ಒಂದು ಭವಿಷ್ಯದ ಮಾತು ನುಡಿದು ಮೇಲಿಂದ ಬೀಳುತ್ತಾನೆ. ಕೆಳಗೆ ನಿಂತವರು ಹಿಡಿದುಕೊಳ್ಳುತ್ತಾರೆ. ಅಲ್ಲಿ ಹಗ್ಗವಿಲ್ಲ, ಹಿನ್ನೆಲೆ ಸಂಗೀತವಿಲ್ಲ, ಎರಡನೇ ಟೇಕೂ ಇಲ್ಲ. ಅವರು ಕೇಳುವುದಿಷ್ಟೇ: "ಬೀಳೋದು ಬೀಳ್ಲಿ, ಇವನ್ನ ಹಿಡ್ಯಾಕ ಯಾರದಾರ?" ಮಂದಿಯಿಲ್ಲದೆ ಬಿದ್ದ ವೀರ ಅಲ್ಲಿ ವೀರನಲ್ಲ, ಅವಿವೇಕಿ.

ಭಾರದ ವಿಷಯ ಕೊಟ್ಟೂರಿನದು. 'ಬಾಹುಬಲಿ' (2015) ಚಿತ್ರದಲ್ಲಿ ನೂರಾರು ಆಳುಗಳು ಎಳೆದು ನಿಲ್ಲಿಸುತ್ತಿದ್ದ ಮಹಾಪ್ರತಿಮೆ ಜಾರುವಾಗ ನಾಯಕ ಒಬ್ಬನೇ ಹಗ್ಗ ಹಿಡಿದು ತಡೆಯುತ್ತಾನೆ. ಕೊಟ್ಟೂರೇಶ್ವರನ ತೇರಿನ ಮಿಣಿ ಹಿಡಿದವರು, 2017ರ ಫೆಬ್ರುವರಿಯಲ್ಲಿ ಅದೇ ತೇರು ವಾಲಿ ಉರುಳಿದ್ದನ್ನು ಕಂಡವರು ಇದಕ್ಕೆ ನಕ್ಕಿರಬೇಕೆಂದು ನೀವು ಊಹಿಸಬಹುದು. ನಗಲಿಲ್ಲ. ಕಾರಣವನ್ನು ಅವರ ಮಾತಿನಲ್ಲೇ ಕೇಳಬೇಕು: "ಒಬ್ಬ ಹಿಡಿಯೋದು ಸುಳ್ಳು ಬಿಡಪ. ಆದ್ರ ಮಂದಿ ಕೂಡಿ ಹೆಸರು ಕೂಗಿದ್ರಲ್ಲ, ಆವಾಗ ಭಾರ ಕಮ್ಮಿ ಆಗೋದು ಖರೆ." ಭೌತಶಾಸ್ತ್ರಕ್ಕೆ ಸಿಗದ ಈ ಬಲಕ್ಕೆ ಜೈಕಾರಬಲ ಎಂದು ನಾವು ಹೆಸರಿಟ್ಟಿದ್ದೇವೆ.

ಸದ್ದಿನ ಪರೀಕ್ಷೆ ಹಗರಿಬೊಮ್ಮನಹಳ್ಳಿಗೆ ಸೇರಿದ್ದು. ಆ ತಾಲ್ಲೂಕಿನ ಅಂಕಸಮುದ್ರ ಕೆರೆ 2024ರಲ್ಲಿ ಅಂತಾರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಕೆರೆಯೊಳಗಿನ ಜಾಲಿಮರಗಳ ಮೇಲೆ ಕೂತ ಕೊಕ್ಕರೆಗಳು ಒಂದು ಚಪ್ಪಾಳೆಗೆ ಎದ್ದು ಆಕಾಶ ಮುಚ್ಚುತ್ತವೆ. ಆ ಕೆರೆ ಏರಿಯವರು ಯುದ್ಧಚಿತ್ರ ನೋಡುವಾಗ ಟ್ಯಾಂಕು ನೋಡುವುದಿಲ್ಲ, ಟ್ಯಾಂಕಿನ ಹಿಂದಿನ ಮರ ನೋಡುತ್ತಾರೆ. ಬಾಂಬು ಸಿಡಿದರೂ ಮರದಿಂದ ಒಂದು ಕಾಗೆ ಏಳಲಿಲ್ಲವೆಂದರೆ ಆ ಬಾಂಬು ಖೋಟಾ.

ಸೂತ್ರ 4: ಯೋಧನ ಲಕ್ಷಣ ಟ್ರಂಕು.

ಭಾಷ್ಯ: ಮಿಲಿಟರಿಯಿಂದ ರಜೆಗೆ ಬಂದವನನ್ನು ಊರು ಗುರುತಿಸುವುದು ಹೆಸರು ಬರೆದ ಕಬ್ಬಿಣದ ಟ್ರಂಕಿನಿಂದ, ಕ್ಯಾಂಟೀನಿನ ಬಾಟಲಿಗಾಗಿ ಅವನ ಸುತ್ತ ಹುಟ್ಟಿಕೊಳ್ಳುವ ಹೊಸ ಭಾವಂದಿರಿಂದ, ರಜೆ ಮುಗಿಯುವ ಹಿಂದಿನ ದಿನ ಮೌನವಾಗುವ ಅವನ ಅವ್ವನಿಂದ. ಬಹಳಷ್ಟು ಚಿತ್ರಗಳ ಯೋಧನಿಗೆ ಇವು ಮೂರೂ ಇಲ್ಲ. ಎದೆಗೆ ಸುತ್ತಿಕೊಂಡ ಗುಂಡಿನ ಮಾಲೆ ಮಾತ್ರ ಉಂಟು. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ 'ಮುತ್ತಿನ ಹಾರ'ದಲ್ಲಿ (1990) ವಿಷ್ಣುವರ್ಧನ್ ಕೊಡಗಿನ ಸೈನಿಕ. ಆ ಚಿತ್ರದಲ್ಲಿ ಯುದ್ಧ ಸಿಪಾಯಿಯ ಸಂಸಾರದ ಮೇಲೂ ಬೀಳುತ್ತದೆ. ಭಾಷ್ಯಕಾರರು ಬಾಯಿ ಮುಚ್ಚಿ ನೋಡಿದ ಯುದ್ಧಚಿತ್ರ ಅದು. ಬಾಯಿ ಮುಚ್ಚಿಸುವುದು ಈ ಐದು ತಾಲ್ಲೂಕುಗಳಲ್ಲಿ ಯಾವ ಪ್ರಶಸ್ತಿಗೂ ಕಡಿಮೆಯಲ್ಲ.

ಸೂತ್ರ 5: ಯುದ್ಧ ನೀರಿನಿಂದ ಶುರುವಾಗತಕ್ಕದ್ದು.

ಭಾಷ್ಯ: ಚಿತ್ರದುರ್ಗದ ಕೋಟೆ ಕಾದ ಒನಕೆ ಓಬವ್ವ ನಮ್ಮೂರ ಮಗಳು ಎನ್ನುತ್ತಾರೆ ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯವರು. ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ಚಿತ್ರದಲ್ಲಿ ಜಯಂತಿಯವರು ಒನಕೆ ಎತ್ತಿದ ದೃಶ್ಯವನ್ನು ಈ ಕಡೆಯ ಹೆಂಗಸರು ನೋಡಿದ್ದು ತವರಿನ ಸುದ್ದಿ ಕೇಳುವ ಕಿವಿಯಿಟ್ಟುಕೊಂಡು. ಗಂಡಸರ ಭಾಷ್ಯವೆಲ್ಲ ಕಿಂಡಿಯ ಅಗಲ, ಹೈದರಾಲಿಯ ಸಿಪಾಯಿಗಳ ಸಂಖ್ಯೆ, ಮುಂದೆ ಹೋದವನು ಕೂಗಲಿಲ್ಲವೇಕೆ ಎಂಬಲ್ಲಿಗೆ ನಿಂತಿತು. ಹೆಂಗಸರು ಅದಕ್ಕೂ ಹಿಂದಕ್ಕೆ ಹೋದರು. ಪಹರೆಯ ಗಂಡ ಮನೆಗೆ ಬಂದು ಊಟಕ್ಕೆ ಕೂತ, ಕುಡಿಯಲು ನೀರಿಲ್ಲ, ಓಬವ್ವ ನೀರಿಗೆ ಹೋದಳು, ಶತ್ರುವನ್ನು ಕಂಡಳು. ಕತೆಯ ಈ ಭಾಗದಲ್ಲೇ ಅವರಿಗೆ ಇತಿಹಾಸ ಸಾಬೀತಾಗಿ ಹೋಯಿತು. "ಊಟಕ್ಕ ಕುಂತ ಮ್ಯಾಲ ನೀರು ಕೇಳೋದು ಖರೆ. ನೀರಿಗೆ ಹೋದಾಕಿ ಎಷ್ಟೊತ್ತಾದ್ರೂ ಬರ್ಲಿಲ್ಲಂದ್ರ ಗಂಡಸು ಎದ್ದು ನೋಡಲ್ಲ, ಅದಂತೂ ಇನ್ನೂ ಖರೆ."

ಆಮೇಲಿನದು ಒನಕೆಯ ಪರೀಕ್ಷೆ. ಒನಕೆಯನ್ನು ನಡುವಿಗೆ ಹಿಡಿಯಬೇಕು, ಕೈ ಬದಲಿಸಬೇಕು, ಎತ್ತುವಾಗ ಒಳಗೆಳೆದ ಉಸಿರನ್ನು ಹಾಕುವಾಗ ಬಿಡಬೇಕು. ಕುಟ್ಟಿ ಗೊತ್ತಿದ್ದ ಅಜ್ಜಿಯರು ಕೈಯನ್ನು ನೋಡಿದರು, ಮುಖವನ್ನು ಆಮೇಲೆ ನೋಡಿದರು. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವನ ಜಯಂತಿ ಆಚರಿಸುತ್ತಿದೆ. ಅಜ್ಜಿಯರ ಮಂಜೂರಾತಿ ಅದಕ್ಕಿಂತ ಬಹಳ ಹಿಂದೆಯೇ ಆಗಿತ್ತು.

ಸೂತ್ರ 6: ಪಕ್ಷ ಬದಲಿಸುವವನೇ ಸಹಜ ಪಾತ್ರ.

ಭಾಷ್ಯ: ಈ ಸೂತ್ರ ಹರಪನಹಳ್ಳಿಯದು. ಆ ಊರು 1997ರಲ್ಲಿ ಬಳ್ಳಾರಿ ಬಿಟ್ಟು ದಾವಣಗೆರೆಗೆ ಹೋಯಿತು, ಆಮೇಲೆ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಇಷ್ಟೆಲ್ಲ ಆದದ್ದು ಕೂತಲ್ಲಿಂದ ಒಂದು ಹೆಜ್ಜೆ ಕದಲದೆ. ಆದ್ದರಿಂದ ಮಧ್ಯಂತರಕ್ಕೆ ಮುಂಚೆ ಖಳನ ಬಲಗೈಯಾಗಿದ್ದವನು ಆಮೇಲೆ ನಾಯಕನ ತಮ್ಮನಾದರೆ ಅಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಆಜೀವ ನಿಷ್ಠೆಯ ಪಾತ್ರ ಬಂದರೆ ಮಾತ್ರ "ಯಾವೂರಾವ ಇವ" ಎಂಬ ಅನುಮಾನ.

ಇದಕ್ಕೆ ಚಾರಿತ್ರಿಕ ಬುನಾದಿಯೂ ಇದೆ. 1740ರ ದಶಕದ ಕೊನೆಯಲ್ಲಿ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಮದಕರಿ ನಾಯಕನೊಬ್ಬ ಬಿದ್ದ. ಅವನನ್ನು ಕೆಡವಿದ್ದು ಹರಪನಹಳ್ಳಿಯ ಪಾಳೆಯಗಾರ ಸೋಮಶೇಖರ ನಾಯಕ. ಆ ಲೆಕ್ಕದಲ್ಲಿ ದುರ್ಗದ ವೀರಗಾಥೆ ತೆರೆಯ ಮೇಲೆ ಬಂದಾಗ ಹರಪನಹಳ್ಳಿಯವರು ಕೈಕಟ್ಟಿ ಕೂರಬೇಕಿತ್ತು. ಅವರೇ ಎಲ್ಲರಿಗಿಂತ ಜೋರಾಗಿ ಸೀಟಿ ಹೊಡೆದರು. ಸೋತವರ ಶೌರ್ಯಕ್ಕೆ ಗೆದ್ದವರ ಮೊಮ್ಮಕ್ಕಳು ಸೀಟಿ ಹೊಡೆಯುವ ಈ ಪದ್ಧತಿಯನ್ನು ವಿಶ್ವಸಂಸ್ಥೆ ಗಮನಿಸಬಹುದು.

ಸೂತ್ರ 7: ಸತ್ತವನು ಏಳಬಹುದು, ಸುಮ್ಮನೆ ಸಾಯಬಾರದು.

ಭಾಷ್ಯ: ಇಲ್ಲಿನ ಪ್ರೇಕ್ಷಕ ಯುದ್ಧ ನೋಡಿ ಕಲಿತದ್ದು ಬಯಲಾಟದಲ್ಲಿ. ಅಲ್ಲಿ ಕತ್ತಿ ಕಟ್ಟಿಗೆಯದು, ಕಿರೀಟಕ್ಕೆ ಬಣ್ಣದ ಕಾಗದ, ಕುರುಕ್ಷೇತ್ರ ನಾಲ್ಕು ಮಂಚದಗಲ. ಕರ್ಣ ಬೆಳಗಿನ ಜಾವಕ್ಕೆ ಸಾಯುತ್ತಾನೆ. ಅಷ್ಟರಲ್ಲಿ ಯಾರೋ ಖುಷಿಯಾಗಿ ನೋಟು ಹಿಡಿದು ರಂಗಕ್ಕೆ ಬಂದರೆ ಕರ್ಣ ಎದ್ದು ನಿಂತು, ಎದೆಗೆ ನೋಟು ಚುಚ್ಚಿಸಿಕೊಂಡು, ಮೈಕಿನಲ್ಲಿ ಕೊಟ್ಟವರ ಹೆಸರು ಮುಗಿಯುವ ತನಕ ಕಾದು, ಮತ್ತೆ ಮಲಗಿ ಸಾಯುತ್ತಾನೆ. ಅಳುತ್ತಿದ್ದವರು ನೋಟಿನ ಹೊತ್ತಿಗೆ ನಿಲ್ಲಿಸಿ, ಮತ್ತೆ ಬಿಟ್ಟಲ್ಲಿಂದ ಅಳುತ್ತಾರೆ.

ಇಂಥವರಿಗೆ ಹಿಂದಿಯ 'ಬಾರ್ಡರ್' (1997) ಯಾವ ತೊಡಕನ್ನೂ ತರಲಿಲ್ಲ. 1971ರ ಡಿಸೆಂಬರಿನ ಲೋಂಗೇವಾಲಾ ಕಾಳಗದ ಆ ಚಿತ್ರದಲ್ಲಿ ಸುನೀಲ್ ಶೆಟ್ಟಿ ಮಾಡಿದ ಭೈರೋನ್ ಸಿಂಗ್ ವೀರಮರಣ ಹೊಂದುತ್ತಾನೆ. ನಿಜವಾದ ಭೈರೋನ್ ಸಿಂಗ್ ರಾಥೋಡ್ ತಮ್ಮ ಸಾವನ್ನು ಸಿನಿಮಾಕ್ಕೆ ಬಿಟ್ಟುಕೊಟ್ಟು 2022ರ ಡಿಸೆಂಬರ್‌ವರೆಗೆ ಬದುಕಿದ್ದರು. ಪಂಡಿತರು ಇದನ್ನು ಇತಿಹಾಸಕ್ಕೆ ಬಗೆದ ದ್ರೋಹ ಎಂದಾರು. ಬಯಲಾಟದ ಪ್ರೇಕ್ಷಕನ ತೀರ್ಪು ಬೇರೆ: "ಚೊಲೋ ಸತ್ತ, ಚೊಲೋ ಬದುಕಿದ. ಇಬ್ರಿಗೂ ಆಯೇರಿ ಮಾಡ್ರಿ."

ಪೂರ್ವಪಕ್ಷ

ಇಷ್ಟು ಹೇಳಿದ ಮೇಲೆ ಪಟ್ಟಣದ ಪೂರ್ವಪಕ್ಷಿ ಎದ್ದು ನಿಲ್ಲುತ್ತಾನೆ. ಈ ಜನಕ್ಕೆ ವಾಸ್ತವ, ಕಲ್ಪನೆಗಳ ಭೇದ ತಿಳಿಯದು. ನಾಯಕ ಹೊಡೆದರೆ ಸೀಟಿ, ಸತ್ತರೆ ಕಣ್ಣೀರು. ಇವರಿಗೆ ವಿಮರ್ಶೆ ಎಲ್ಲಿಂದ ಬರಬೇಕು ಎಂಬುದು ಅವನ ಆಕ್ಷೇಪ. ತಾನು 'ಸೇವಿಂಗ್ ಪ್ರೈವೇಟ್ ರಯಾನ್' (1998) ಚಿತ್ರದ ಕಡಲತೀರದ ಕಾಳಗವನ್ನು ಕಂಡು ನಡುಗಿದ್ದಾಗಿಯೂ, ನಿಜವಾದ ಯುದ್ಧ ಹಾಗೆಯೇ ಇರುತ್ತದೆಂದೂ ಅವನು ಸೇರಿಸುತ್ತಾನೆ.

ಇದಕ್ಕೆ ಉತ್ತರ: ಸ್ವಾಮೀ, ತಾವು ಯಾವ ಯುದ್ಧಕ್ಕೆ ಹೋಗಿದ್ದಿರಿ? ಹೋಗಿಲ್ಲವಾದರೆ ಅದು ನಿಜದಂತಿದೆ ಎಂದು ತಾಳೆ ನೋಡಿದ್ದು ಯಾವುದರ ಜೊತೆ? ಇನ್ನೊಂದು ಸಿನಿಮಾದ ಜೊತೆ ತಾನೆ? ಕೂಡ್ಲಿಗಿಯ ಅಜ್ಜಿ ಓಬವ್ವನನ್ನು ಒನಕೆಯ ಜೊತೆ ತಾಳೆ ನೋಡಿದಳು, ಕೊಟ್ಟೂರಿನವನು ಬಾಹುಬಲಿಯನ್ನು ಮಿಣಿಯ ಜೊತೆ ನೋಡಿದ. ಇಬ್ಬರ ಕೈಯಲ್ಲೂ ದಡ್ಡು ಇದೆ. ಯಾರ ಪ್ರಮಾಣ ಬಲವಾದದ್ದೆಂದು ತಾವೇ ಹೇಳಬೇಕು.

ನಿರ್ಣಯ

ಐದು ತಾಲ್ಲೂಕುಗಳ ಪ್ರೇಕ್ಷಕ ಸುಳ್ಳಿಗೆ ಸಿಟ್ಟಾಗುವವನಲ್ಲ. ದುಡ್ಡು ಕೊಟ್ಟು ಬಂದದ್ದೇ ಒಳ್ಳೆಯ ಸುಳ್ಳಿಗಾಗಿ. ಅವನಿಗೆ ಸಿಟ್ಟು ಬರುವುದು ಅಸಡ್ಡೆಗೆ. ನೂರು ಜನರನ್ನು ಒಬ್ಬ ಹೊಡೆದರೆ ಅದು ಕತೆ. ನೂರು ಜನರನ್ನು ಹೊಡೆದವನು ಒಂದು ಗುಟುಕು ನೀರು ಕುಡಿಯದೆ ಹಾಡಿಗೆ ಹೋದರೆ, ದುಡಿದು ದಣಿದ ಮೈ ಹೇಗಿರುತ್ತದೆಂದು ಆ ಚಿತ್ರ ಮಾಡಿದವನು ನೋಡಿಲ್ಲವೆಂದೇ ಅರ್ಥ. ಅದನ್ನು ನೋಡದವನು ತನ್ನನ್ನೂ ನೋಡಿಲ್ಲ ಎಂಬುದು ನೆಲದ ಟಿಕೆಟ್ಟಿನವನ ತರ್ಕ. ಈ ತರ್ಕದಲ್ಲಿ ದೋಷ ಹುಡುಕಿ ನಮಗೆ ಸಿಕ್ಕಿಲ್ಲ.

ಆದಕಾರಣ ಚಿತ್ರ ತೆಗೆಯುವವರಲ್ಲಿ ಈ ಮೀಮಾಂಸೆಯ ಬಿನ್ನಹ ಇಷ್ಟು. ಗುಂಡು ಎಷ್ಟು ಬೇಕಾದರೂ ಹಾರಿಸಿ, ಜೀಪು ಎಷ್ಟು ಎತ್ತರಕ್ಕಾದರೂ ಹಾರಲಿ, ನಾಯಕ ಎಷ್ಟು ಸಲವಾದರೂ ಸತ್ತು ಏಳಲಿ. ಆದರೆ ದೃಶ್ಯದ ಹಿಂದುಗಡೆ ಒಬ್ಬಾಕೆ ಕೊಡ ಹೊತ್ತು ಹೋಗುವುದಿದ್ದರೆ ಆ ಕೊಡಕ್ಕೆ ದಯವಿಟ್ಟು ನೀರು ತುಂಬಿಸಿ. ಖಾಲಿ ಕೊಡ ಹೊತ್ತವಳ ನಡಿಗೆ ನಮ್ಮ ಕಡೆ ಎಲ್ಲರಿಗೂ ಗೊತ್ತು.