ಮೊಣಕೈ ಮೀಮಾಂಸೆ ಅಥವಾ ಎಕಾನಮಿ ದರ್ಜೆಯ ದಾಯವಿಭಾಗ

ವಿಮಾನದ ಎಕಾನಮಿ ದರ್ಜೆಯಲ್ಲಿ ಒಂದು ಬದಿಗೆ ಮೂವರು ಕೂತರೆ ತೋಳುಗಳು ಆರು, ಆರ್ಮ್‌ರೆಸ್ಟುಗಳು ನಾಲ್ಕು. ಈ ಕೊರತೆಯಿಂದ ಹುಟ್ಟುವ ವ್ಯಾಜ್ಯ ಮುಂಬೈಯಲ್ಲಿ ಹತ್ತಿ ದಿಲ್ಲಿಯಲ್ಲಿ ಇಳಿಯುವವರೆಗೂ ಮೌನವಾಗಿಯೇ ನಡೆಯುತ್ತದೆ. ಇದನ್ನು ತೀರ್ಮಾನಿಸಲು ಕಲಬುರಗಿ ಜಿಲ್ಲೆಯವರು ಪರದೇಶದ ಕಾನೂನು ಹುಡುಕಬೇಕಿಲ್ಲ. ಮರತೂರಿನ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನವು ಬಂಗಾಳದ ಕಡೆಯೊಂದನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ದೇಶದ ಹಿಂದೂ ಮನೆತನಗಳ ಆಸ್ತಿ ಹಂಚಿಕೆಯನ್ನು ಶತಮಾನಗಳ ಕಾಲ ಆಳಿತು. ಅದರಲ್ಲಿ ದಾಯ ಎರಡು ಬಗೆ. ಹುಟ್ಟಿನಿಂದಲೇ ಹಕ್ಕು ಬರುವುದು ಅಪ್ರತಿಬಂಧ ದಾಯ. ಈಗಿನ ಒಡೆಯ ತೀರಿಕೊಂಡ ಮೇಲಷ್ಟೇ ಹಕ್ಕು ಬರುವುದು ಸಪ್ರತಿಬಂಧ ದಾಯ. ಕಿಟಕಿ ಬದಿಯವನ ಹೊರಗಿನ ಆರ್ಮ್‌ರೆಸ್ಟ್ ಮೊದಲನೆಯ ಬಗೆಗೆ ಸೇರಿದ್ದೆಂಬುದರಲ್ಲಿ ವಿವಾದವಿಲ್ಲ. ನಡುವಿನವನ ಪಾಲಿಗೆ ಎರಡೂ ಸಪ್ರತಿಬಂಧವೇ. ಅಕ್ಕಪಕ್ಕದವರು ಸಾಯಬೇಕಾಗಿಲ್ಲ, ನಿದ್ದೆ ಹೋದರೆ ಸಾಕು, ಹಕ್ಕು ಇವನಿಗೆ ಇಳಿಯುತ್ತದೆ. ಆದರೆ ತೀರಿಕೊಂಡವನು ಚಹಾದ ಗಾಡಿಯ ಸದ್ದಿಗೆ ಎದ್ದು ತನ್ನ ಆಸ್ತಿಯನ್ನು ವಾಪಸು ಕೇಳುವ ಪ್ರಸಂಗಕ್ಕೆ ವಿಜ್ಞಾನೇಶ್ವರನಲ್ಲಿ ಪರಿಹಾರ ಸಿಗುವುದಿಲ್ಲ.

ಮೊಣಕೈ ಇಲ್ಲಿ ನೆಪ ಮಾತ್ರ. ಎಕಾನಮಿ ಪ್ರಯಾಣಿಕನನ್ನು ಶುಲ್ಕದಲ್ಲಿ, ಸುಖದಲ್ಲಿ, ಸೇವೆಯಲ್ಲಿ ಕಂಪನಿಗಳು ನ್ಯಾಯವಾಗಿ ನಡೆಸಿಕೊಳ್ಳುತ್ತವೆಯೇ ಎಂಬುದು ಈ ಪ್ರಬಂಧದ ಪ್ರಶ್ನೆ. ಅಧ್ಯಯನಕ್ಕೆ ಕಲಬುರಗಿಯನ್ನು ಆರಿಸಿದ್ದು ಊರಿನ ಅಭಿಮಾನದಿಂದಲ್ಲ. ಬೆಂಗಳೂರಿನವರಿಗೆ ವಿಮಾನದ ಕಷ್ಟ ರೂಢಿಯಾಗಿಹೋಗಿದೆ, ರೂಢಿಯಾದ ಕಷ್ಟ ಹೇಳುವವರ ಬಾಯಲ್ಲಿ ಸುಖದಂತೆಯೇ ಕೇಳಿಸುತ್ತದೆ. ಕಲಬುರಗಿಯ ಶ್ರೀನಿವಾಸ ಸರಡಗಿ ವಿಮಾನ ನಿಲ್ದಾಣವಾದರೋ ಉದ್ಘಾಟನೆಯಾದದ್ದು 2019ರ ನವೆಂಬರ್ 22ರಂದು. ರನ್‌ವೇ ಮೂರು ಕಿಲೋಮೀಟರಿಗೂ ಉದ್ದ. ಅಂದು ಬೆಂಗಳೂರಿನಿಂದ ಪ್ರಯಾಣಿಕರನ್ನು ಹೊತ್ತು ತಂದ ಸ್ಟಾರ್ ಏರ್ ವಿಮಾನದಲ್ಲಿ ಸೀಟು 50. ಓಡಾಡುವ ದಾರಿಯ ಒಂದು ಬದಿಗೆ ಒಂದು ಸೀಟು, ಇನ್ನೊಂದು ಬದಿಗೆ ಎರಡು. ನಡುವಿನವನೆಂಬ ಪ್ರಭೇದವೇ ಅದರಲ್ಲಿ ಇರಲಿಲ್ಲ. ಬೆಂಗಳೂರಿನಲ್ಲಿ ಇಳಿದು 186 ಸೀಟಿನ ಏರ್‌ಬಸ್ ಹತ್ತಿದಾಗಲೇ ಕಲಬುರಗಿಯವರಿಗೆ ಆ ಪ್ರಭೇದದ 62 ಜೀವಿಗಳು ಒಟ್ಟಿಗೆ ಕಾಣಸಿಕ್ಕದ್ದು. ಇಂಥ ಪಳಗದ ಕಣ್ಣೇ ಶಾಸ್ತ್ರಕ್ಕೆ ಬೇಕಾದದ್ದು.

ಮೊದಲಿಗೆ ಶುಲ್ಕ. ವಿಜ್ಞಾನೇಶ್ವರನ ಕಾಲದ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ, ಮನೆದೆರೆ, ಗಾಣದೆರೆ ಎಂದು ಸುಂಕಗಳ ಸಾಲೇ ಬರುತ್ತದೆ. ವಿಮಾನದ ಟಿಕೆಟ್ಟನ್ನೂ ಶಾಸನವೆಂದು ಭಾವಿಸಿ ಓದಿದರೆ ಮೂಲದರ, ಇಂಧನ ಶುಲ್ಕ, ಬಳಕೆದಾರರ ಅಭಿವೃದ್ಧಿ ಶುಲ್ಕ, ವಿಮಾನಯಾನ ಭದ್ರತಾ ಶುಲ್ಕ, ಪ್ರಾದೇಶಿಕ ಸಂಪರ್ಕ ಶುಲ್ಕ, ಜಿಎಸ್‌ಟಿ, ಕಟ್ಟಕಡೆಗೆ ಕನ್ವೀನಿಯನ್ಸ್ ಫೀ. ಕಲ್ಯಾಣದ ಪರಂಪರೆ ಅಳಿದಿಲ್ಲವೆಂಬುದಕ್ಕೆ ಇಷ್ಟು ಸಾಕ್ಷಿ ಸಾಕು. ವ್ಯತ್ಯಾಸವೂ ಉಂಟು. ಚಾಲುಕ್ಯರ ಕಾಲದವರು ಯಾವ ಸುಂಕ ಯಾರಿಗೆ ಸಲ್ಲಬೇಕೆಂದು ಕಲ್ಲಿನಲ್ಲಿ ಕೆತ್ತಿಸಿ ಗುಡಿಯ ಮುಂದೆ ನಿಲ್ಲಿಸಿದರು. ಕಂಪನಿಯಾದರೋ ಹೆಸರು, ವಯಸ್ಸು, ಫೋನ್ ನಂಬರು ಎಲ್ಲ ತುಂಬಿಸಿಕೊಂಡು, ಪ್ರಯಾಣಿಕ ಇನ್ನು ಹಿಂದೆ ಸರಿಯಲಾರ ಎಂದು ಖಾತ್ರಿಯಾದ ಮೇಲೆ, ಕೊನೆಯ ಪರದೆಯಲ್ಲಿ ಶಾಸನ ತೆರೆಯುತ್ತದೆ. ಗುಮಾಸ್ತನ ಕೆಲಸವನ್ನು ಪ್ರಯಾಣಿಕನೇ ಮಾಡಿ, ಮಾಡಿದ್ದಕ್ಕೆ ತಾನೇ ಕೂಲಿ ಕೊಡುವ ವ್ಯವಸ್ಥೆಗೆ ಕನ್ವೀನಿಯನ್ಸ್ ಫೀ ಎಂದು ಹೆಸರು. ವಡ್ಡರಾವುಳ ಎಂದರೆ ಏನೆಂದು ವಿದ್ವಾಂಸರು ಚರ್ಚಿಸಿದ್ದಾರೆ. ಕನ್ವೀನಿಯನ್ಸ್ ಫೀಯ ಅನುಕೂಲ ಯಾರಿಗೆಂಬ ಚರ್ಚೆಯನ್ನು ಯಾರಾದರೂ ಆರಂಭಿಸಬೇಕು.

ಆದರೂ ಶುಲ್ಕಗಳು ಬಹಳ ಎಂದಮಾತ್ರಕ್ಕೆ ಅನ್ಯಾಯವಾಯಿತೆಂದು ಸಾಧಿಸಿದಂತಾಗದು. ಒಂದು ಲಕ್ಷಣ ಬೇಕು. ಅದನ್ನು ಒದಗಿಸಿದವನು ಜೂಲ್ ದುಪ್ವಿ ಎಂಬ ಫ್ರೆಂಚ್ ಎಂಜಿನಿಯರ್. ಅವನ ಕಾಲದ ರೈಲುಗಳಲ್ಲಿ ಮೂರನೆಯ ದರ್ಜೆಗೆ ಚಾವಣಿ ಇರುತ್ತಿರಲಿಲ್ಲ. ಚಾವಣಿಗೆ ತಗಲುವ ಖರ್ಚಿಗೆ ಹೆದರಿ ಕಂಪನಿ ಹೀಗೆ ಮಾಡುತ್ತಿಲ್ಲ ಎಂದು ದುಪ್ವಿ 1849ರಲ್ಲಿ ಬರೆದ. ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಮೂರನೆಯದಕ್ಕೆ ಇಳಿಯದಿರಲೆಂದು ಬಡವರನ್ನು ಮಳೆಯಲ್ಲಿ ಕೂರಿಸಲಾಗುತ್ತದೆ. ಬಡವರ ಮೇಲೆ ಕಂಪನಿಗೆ ದ್ವೇಷವೇನೂ ಇಲ್ಲ, ನೆನೆಯುತ್ತಿರುವ ಅವರನ್ನು ಉಳ್ಳವರು ನೋಡಿದರೆ ಸಾಕು. ಇದರಿಂದ ನಮ್ಮ ಸೂತ್ರ ಹೊರಡುತ್ತದೆ. ಕಂಪನಿಗೆ ನಿಜವಾಗಿ ಬಿದ್ದ ಖರ್ಚನ್ನು ತುಂಬುವ ಶುಲ್ಕ ನ್ಯಾಯ. ಕಂಪನಿಯೇ ದಾರಿಯಲ್ಲಿ ಇಟ್ಟ ಮುಳ್ಳನ್ನು ಕಂಪನಿಯೇ ತೆಗೆಯುವುದಕ್ಕೆ ಕೇಳುವ ಕೂಲಿ ಅನ್ಯಾಯ. ಕೊಡದಿರುವುದು ಒಂದು, ಕಿತ್ತುಕೊಂಡು ಮಾರುವುದು ಇನ್ನೊಂದು. ಗಾಂಭೀರ್ಯಕ್ಕಾಗಿ ಇದನ್ನು ಕಂಟಕ ನ್ಯಾಯ ಎನ್ನೋಣ.

ಈ ನ್ಯಾಯವನ್ನು ಮೊದಲು ಲಗೇಜಿಗೆ ಹಚ್ಚಿದರೆ ಕಂಪನಿ ಅರ್ಧ ಗೆಲ್ಲುತ್ತದೆ. ರೈಲಿನ ಸ್ಲೀಪರ್ ದರ್ಜೆಯಲ್ಲಿ 40 ಕೆ.ಜಿ. ಪುಕ್ಕಟೆ, ಕೆಎಸ್ಆರ್‌ಟಿಸಿ ಬಸ್ಸಿನಲ್ಲಿ 30 ಕೆ.ಜಿ.; ವಿಮಾನದಲ್ಲಿ ಸಾಮಾನ್ಯವಾಗಿ ಹೊಟ್ಟೆಯೊಳಗೆ 15, ಕೈಯಲ್ಲಿ 7. ಕಮಲಾಪುರದ ಕೆಂಪು ಬಾಳೆಯ ಒಂದು ಗೊನೆ, ಮೇಲೆ ನಾಲ್ಕು ಕಿಲೋ ತೊಗರಿಬೇಳೆ ಕಟ್ಟಿಕೊಂಡರೆ ಬಟ್ಟೆಗೆ ಉಳಿಯುವ ಪಾಲು ದಿಗಂಬರ ಪಂಥಕ್ಕೆ ಹತ್ತಿರ. ಎರಡಕ್ಕೂ ಭೌಗೋಳಿಕ ಸೂಚಿಯ ಮಾನ್ಯತೆ ಇದೆ, ತಕ್ಕಡಿಗೆ ಅದು ಗೊತ್ತಿಲ್ಲ. ಆದರೂ ತೂಕ ಹಾರಬೇಕಾದರೆ ಇಂಧನ ಸುಡಬೇಕು, ಇದು ಕಂಪನಿ ಇಟ್ಟ ಮುಳ್ಳಲ್ಲ, ಭೂಮಿಯ ಗುರುತ್ವ ಇಟ್ಟದ್ದು. ಹಾಗಾಗಿ ಶುಲ್ಕ ಜಾತಿಯಲ್ಲಿ ನ್ಯಾಯ. ಪ್ರಮಾಣದಲ್ಲಿ ಅಲ್ಲ: ಒಂದು ಗಂಟೆಯ ಹಾರಾಟದಲ್ಲಿ ಹೆಚ್ಚುವರಿ ಒಂದು ಕಿಲೋ ಸುಡಿಸುವ ಇಂಧನ ಕೆಲವೇ ರೂಪಾಯಿಯದು, ಕೌಂಟರಿನಲ್ಲಿ ಕೇಳುವುದು ನೂರಾರು. ಒಂದು ಕಿಲೋ ಬೇಳೆಯ ಬೆಲೆಗಿಂತ ಅದು ಹಾರುವ ಬೆಲೆ ದುಬಾರಿ. ಇನ್ನು ತವರಿನಿಂದ ಹೊರಟವಳ ಉಡಿಯ ಒಣಕೊಬ್ಬರಿ ಬಟ್ಟಲನ್ನು ಚೆಕ್-ಇನ್ ಚೀಲದಿಂದ ಹೊರಗಿಟ್ಟಿರುವುದು ಎಣ್ಣೆಯಂಶದಿಂದ ಬೆಂಕಿ ಹತ್ತೀತೆಂಬ ಭಯಕ್ಕೆ. ಅದು ಸುರಕ್ಷತೆಯ ಮಾತು, ಅದಕ್ಕೆ ಈ ಪ್ರಬಂಧ ತಲೆಬಾಗುತ್ತದೆ.

ಸೀಟಿನ ಆಯ್ಕೆಗೆ ಬಂದಾಗ ಕಂಪನಿ ಪೂರ್ತಿ ಸೋಲುತ್ತದೆ. ಸೀಟು 14ಎ ಮತ್ತು 14ಬಿಯನ್ನು ಗಂಡಹೆಂಡಿರಿಗೆ ಒಟ್ಟಿಗೆ ಕೊಟ್ಟರೆ ಸುಡುವ ಇಂಧನ, ಅವರನ್ನು 9ಬಿ ಮತ್ತು 27ಇಗೆ ಚದುರಿಸಿದರೆ ಸುಡುವಷ್ಟೇ. ಖರ್ಚಿಲ್ಲದ ಕಡೆ ಶುಲ್ಕ ಹುಟ್ಟಬೇಕಾದರೆ ಮೊದಲು ಅಗಲಿಕೆ ಹುಟ್ಟಬೇಕು. ದುಪ್ವಿಯ ತೆರೆದ ಗಾಡಿಯೇ ಇದು, ಮಳೆಯ ಬದಲು ವಿರಹ. ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸುಗಳಲ್ಲಿ ಈ ಸಮಸ್ಯೆಗೆ ಹಳೆಯ ಪರಿಹಾರವುಂಟು: ಕಿಟಕಿಯಿಂದ ಟವೆಲ್ ಹಾಕಿದವನದೇ ಸೀಟು. ಶುಲ್ಕ ಒಂದು ಟವೆಲ್, ಅದೂ ವಾಪಸು ಬರುತ್ತದೆ. ಏರ್‌ಬಸ್ಸಿನ ಕಿಟಕಿ ತೆರೆಯುವುದಿಲ್ಲವಾದ್ದರಿಂದ ಈ ಧರ್ಮ ಅಲ್ಲಿ ನಡೆಯದು. 2018ರ ನವೆಂಬರಿನಲ್ಲಿ ಇಂಡಿಗೋ ವೆಬ್ ಚೆಕ್-ಇನ್‌ಗೆ ಎಲ್ಲ ಸೀಟುಗಳಿಗೂ ಹಣವೆಂದಾಗ ಎದ್ದ ಗದ್ದಲಕ್ಕೆ ವಿಮಾನಯಾನ ಸಚಿವಾಲಯವೇ ಪರಿಶೀಲಿಸುತ್ತೇವೆ ಎನ್ನಬೇಕಾಯಿತು. 2024ರ ಏಪ್ರಿಲಿನಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 12 ವರ್ಷದವರೆಗಿನ ಮಕ್ಕಳಿಗೆ ತಂದೆಯ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಿ ಎಂದು ಸೂಚಿಸಿತು. ಮಗುವನ್ನು ತಾಯಿಯ ಪಕ್ಕ ಕೂರಿಸಲು ಸರ್ಕಾರಿ ಸುತ್ತೋಲೆ ಬೇಕಾಯಿತು ಎಂಬುದಕ್ಕಿಂತ ಗಟ್ಟಿಯಾದ ಪುರಾವೆಯನ್ನು ಕಂಟಕ ನ್ಯಾಯ ಕೇಳುವುದಿಲ್ಲ. 13ನೆಯ ಹುಟ್ಟುಹಬ್ಬದ ದಿನ ಮಗು ಮತ್ತೆ ಮಾರುಕಟ್ಟೆಗೆ ಸೇರುತ್ತದೆ.

ಊಟದ ವಿಷಯದಲ್ಲಿ ಕಂಪನಿಯ ಪರ ನಿಲ್ಲುವುದು ನ್ಯಾಯ, ಅದಕ್ಕೆ ಕನ್ನಡಿಗರೇ ಸಾಕ್ಷಿ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನೇ ಲಾಂಛನ ಮಾಡಿಕೊಂಡಿತು. ಪುಕ್ಕಟೆ ಊಟವಿಲ್ಲ, ಸೀಟಿಗೆ ನಂಬರೂ ಇಲ್ಲ, ಮೊದಲು ಓಡಿದವನಿಗೆ ಕಿಟಕಿ. ಇಲ್ಲವೆಂಬುದನ್ನು ಇಲ್ಲವೆಂದೇ ಹೇಳಿದ್ದರಿಂದ ಅಲ್ಲಿ ಮುಳ್ಳಿರಲಿಲ್ಲ. ಕಲಬುರಗಿಯವರ ಅಳತೆಗೋಲು ಬೇರೆ ಎಂಬುದು ನಿಜ. ಶರಣಬಸವೇಶ್ವರರ ದಾಸೋಹದ ಊರಿನಲ್ಲಿ ಬಂದವನನ್ನು ನಿನ್ನ ದರ್ಜೆ ಯಾವುದೆಂದು ಕೇಳಿ ಎಲೆ ಹಾಕುವುದಿಲ್ಲ. ಆದರೆ ದಾಸೋಹವನ್ನು ವ್ಯಾಪಾರಿಯಿಂದ ನಿರೀಕ್ಷಿಸುವುದು ದಾಸೋಹಕ್ಕೂ ಮರ್ಯಾದೆಯಲ್ಲ. ಸ್ವಾರಸ್ಯವಿರುವುದು ಇನ್ನೊಂದು ನಿಯಮದಲ್ಲಿ: ಸಣ್ಣ ದೂರದ ವಿಮಾನ ಎರಡು ಗಂಟೆ ತಡವಾದರೆ ಕಾಯುವವರಿಗೆ ತಿಂಡಿ ಕೊಡಬೇಕೆಂದು ಡಿಜಿಸಿಎ ವಿಧಿಸಿದೆ. ಹೀಗಾಗಿ ಹಸಿದ ಎಕಾನಮಿ ಪ್ರಯಾಣಿಕ ಶಾಸ್ತ್ರೋಕ್ತವಾಗಿ ಪ್ರಾರ್ಥಿಸಬೇಕಾದದ್ದು ವಿಳಂಬಕ್ಕಾಗಿ.

ಕಾಲಿನ ಜಾಗದ ವಿಷಯ ಬೇಗ ಮುಗಿಯುತ್ತದೆ, ಜಾಗವೇ ಅಷ್ಟು. ಸೀಟಿನ ಕನಿಷ್ಠ ಅಳತೆ ಗೊತ್ತುಮಾಡಿ ಎಂದು ಅಮೆರಿಕದ ಸಂಸತ್ತು 2018ರಲ್ಲೇ ಅಲ್ಲಿನ ವಿಮಾನಯಾನ ಇಲಾಖೆಗೆ ಕಾಯ್ದೆಯಲ್ಲಿ ಹೇಳಿತು. ಇಲಾಖೆ ವಿಮಾನ ಖಾಲಿ ಮಾಡಿಸುವ ಪರೀಕ್ಷೆ ನಡೆಸಿತು. ಅದಕ್ಕೆ ಕೂರಿಸಿದ್ದು 18ರಿಂದ 60ರೊಳಗಿನ ಆರೋಗ್ಯವಂತರನ್ನು. ಮಂಡಿನೋವಿನ ಅಜ್ಜಿಯರನ್ನು ಹೊರಗಿಟ್ಟು ನಡೆಸಿದ ಮಂಡಿಯ ಅಧ್ಯಯನವನ್ನು ಯಾವ ಮೀಮಾಂಸಕನೂ ಪ್ರಮಾಣವೆಂದು ಒಪ್ಪಲಾರ.

ಈಗ ಪೂರ್ವಪಕ್ಷ. ಜನಕ್ಕೆ ಬೇಕಾದದ್ದು ಅಗ್ಗದ ಟಿಕೆಟ್ಟು, ಸಿಕ್ಕದ್ದೂ ಅದೇ ಎನ್ನುತ್ತಾರೆ. ಇದು ಬಲವಾದ ವಾದ. 2017ರಲ್ಲಿ ಶಿಮ್ಲಾದಿಂದ ಉಡಾನ್ ಯೋಜನೆಯ ಮೊದಲ ವಿಮಾನ ಬಿಡುವಾಗ ಪ್ರಧಾನಿ ಹವಾಯಿ ಚಪ್ಪಲಿಯವರೂ ವಿಮಾನ ಹತ್ತಬೇಕೆಂದರು, ಒಂದು ಗಂಟೆಯ ಹಾರಾಟಕ್ಕೆ ಅರ್ಧದಷ್ಟು ಸೀಟುಗಳಿಗೆ ಸುಮಾರು 2,500 ರೂಪಾಯಿಯ ಮಿತಿ ಬಂತು, ಕಂಪನಿಯ ಕೊರತೆಯನ್ನು ಮೂರು ವರ್ಷ ತುಂಬಿಕೊಡುವ ಏರ್ಪಾಡಾಯಿತು. ಆಮೇಲೇನಾಯಿತೆಂದು ಮಹಾಲೇಖಪಾಲರ 2023ರ ವರದಿ ಹೇಳುತ್ತದೆ: ಮೊದಲ ಮೂರು ಸುತ್ತಿನಲ್ಲಿ ಕೊಟ್ಟ 774 ಮಾರ್ಗಗಳಲ್ಲಿ ಹಾರಾಟ ಆರಂಭವಾದದ್ದು 371ರಲ್ಲಿ, ರಿಯಾಯಿತಿ ಅವಧಿ ದಾಟಿಯೂ ಉಳಿದದ್ದು 54. ಜಗತ್ತಿನಾದ್ಯಂತ ಕಂಪನಿಗಳಿಗೆ ತಲಾ ಪ್ರಯಾಣಿಕನಿಂದ ಉಳಿಯುವ ಲಾಭ ಆರೇಳು ಡಾಲರ್ ಎಂದು ಅವುಗಳ ಸಂಘವೇ 2024ರಲ್ಲಿ ಲೆಕ್ಕ ಹಾಕಿತ್ತು. ಇಂಥ ಬಡಪಾಯಿಗಳು ಸೀಟಿಗೆ ನಾಲ್ಕು ಕಾಸು ಕೇಳಿದರೆ ತಪ್ಪೇನು? ಕೇಳುವುದು ತಪ್ಪಲ್ಲ, ಅಡಗಿಸಿ ಕೇಳುವುದು ತಪ್ಪು. ಕೊರತೆಯಿದ್ದರೆ ಮೂಲದರ ಏರಲಿ. ಏರಿಸಿದವನ ವಿಮಾನ ಬುಕಿಂಗ್ ಪಟ್ಟಿಯಲ್ಲಿ ಕೆಳಗೆ ಬೀಳುತ್ತದೆ, ಮುಳ್ಳಿಟ್ಟವನದು ಮೇಲೆ ಬರುತ್ತದೆ ಎಂಬುದು ಪ್ರತಿವಾದ. ಅದನ್ನು ಪೂರ್ತಿ ಒಪ್ಪಬೇಕು. ಒಪ್ಪಿದ ಮೇಲೆ ಪ್ರಶ್ನೆ ಕಂಪನಿಯ ಶೀಲದ್ದಾಗಿ ಉಳಿಯುವುದಿಲ್ಲ, ಎಲ್ಲರಿಗೂ ಒಂದೇ ಪರದೆಯಲ್ಲಿ ಒಂದೇ ಮೊತ್ತ ತೋರಿಸುವಂತೆ ಮಾಡುವ ನಿಯಮದ್ದಾಗುತ್ತದೆ. ಮಾರುಕಟ್ಟೆಗೆ ಸರ್ಕಾರ ಕೈಹಾಕಲಾರದೆಂಬ ನೆವ 2025ರ ಡಿಸೆಂಬರಿನಲ್ಲೇ ಹೋಯಿತು: ಇಂಡಿಗೋದ ಸಾವಿರಾರು ಹಾರಾಟ ರದ್ದಾಗಿ ದರಗಳು ಚಿಮ್ಮಿದಾಗ 500 ಕಿಲೋಮೀಟರಿನವರೆಗಿನ ಟಿಕೆಟ್ಟಿಗೆ 7,500 ರೂಪಾಯಿ ಮಿತಿ ಹಾಕಿದ್ದು ಸರ್ಕಾರವೇ.

ಸಾಲದಿದ್ದರೆ ರೈಲಿಗೆ ಹೋಗಿ ಎಂಬ ಕೊನೆಯ ಆಕ್ಷೇಪವಿದೆ. 2024ರ ಮಾರ್ಚಿನಿಂದ ಕಲಬುರಗಿಗೆ ಬೆಂಗಳೂರಿನ ವಂದೇ ಭಾರತ್ ಇದೆ. ಅದರಲ್ಲೂ ಒಂದು ಬದಿಗೆ ಮೂರು ಸೀಟು, ಆದ್ದರಿಂದ ನಡುವಿನವನೂ ಇದ್ದಾನೆ. ಈ ಆಕ್ಷೇಪ ಮೊಣಕೈಯ ವ್ಯಾಜ್ಯವನ್ನು ನೆಲಕ್ಕಿಳಿಸುತ್ತದೆಯೇ ಹೊರತು ತೀರಿಸುವುದಿಲ್ಲ. ತೀರಿಸಿಕೊಳ್ಳಬೇಕೆನ್ನುವ ಪ್ರಯಾಣಿಕ ನೋಡಬೇಕಾದ ಗ್ರಂಥ ಮಿತಾಕ್ಷರವಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಕಂಪನಿಯ ಕಚೇರಿ ಗುರುಗ್ರಾಮದಲ್ಲಿದ್ದರೂ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು ಎನ್ನುತ್ತದೆ ಅದು. ಕಮಲಾಪುರದವರು ಕಲಬುರಗಿಗೆ ಬಂದರೆ ಸಾಕು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಲ್ಲಿನ ಬೆಂಚಿನ ಮೇಲೆ ಎಲ್ಲಿ ಬೇಕಾದರೂ ಕೂರಬಹುದು.